ಜಾಮೀನು ಆಯಿತು, ಕೇಸು ಮುಗಿಯಲಿಲ್ಲ

2022ರ ಮುಂಗಾರಿನಲ್ಲಿ ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬದುವಿನ ಜಗಳವಾಯಿತು. ತೊಗರಿ ಬಿತ್ತಲು ಹೊಲ ಹಸನು ಮಾಡುತ್ತಿದ್ದಾಗ, ಬದು ಒಂದು ಗೇಣು ಈಚೆ ಸರಿದಿದೆ ಎಂದು ಶುರುವಾದ ಮಾತು ಬಡಿದಾಟಕ್ಕೆ ಮುಟ್ಟಿತು. ಕೊಡಲಿಯ ಹಿಂಬದಿಯ ಏಟಿಗೆ ಒಬ್ಬರ ಮುಂಗೈ ಮೂಳೆ ಮುರಿಯಿತು. ಹೊಡೆದವನೆಂದು ದೂರಿನಲ್ಲಿ ಹೆಸರಿಸಿದ ಹುಡುಗನನ್ನು ಪೊಲೀಸರು ದಸ್ತಗಿರಿ ಮಾಡಿದರು. ಇಪ್ಪತ್ತು ದಿನಗಳಲ್ಲಿ ಜಾಮೀನು ಸಿಕ್ಕಿತು. ಅಂದು ಅವನ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದರು. ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿ, “ಅಕ್ಕಾ, ಕೇಸು ಮುಗಿಯಿತು, ಜಾಮೀನು ಆಯಿತು” ಎಂದರು. ನಾನು ಆಗಲೇ ತಿದ್ದಬೇಕಿತ್ತು. ಸಂತೋಷದ ಹೊತ್ತಿನಲ್ಲಿ ಬೇಡವೆಂದು ಸುಮ್ಮನಾದೆ.

ಹುಡುಗ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದ. ನ್ಯಾಯಾಲಯ ಒಂದರ ಮೇಲೊಂದು ತಾರೀಖು ಕೊಟ್ಟಿತು, ಅವನು ಬರಲಿಲ್ಲ. ಜಾಮೀನುರಹಿತ ವಾರಂಟ್ ಹೊರಟಿತು. ಪಹಣಿ ಇಟ್ಟು ಜಾಮೀನು ನಿಂತಿದ್ದ ಸೋದರಮಾವನಿಗೆ ಬಾಂಡಿನ ಹಣ ಕಟ್ಟುವಂತೆ ನೋಟಿಸ್ ಬಂತು. ಹುಡುಗನನ್ನು ಪುಣೆಯಿಂದ ಹಿಡಿದು ತಂದರು. ಎರಡನೆಯ ಸಲ ಜಾಮೀನು ಸಿಗಲು ನಾಲ್ಕು ತಿಂಗಳು ಹಿಡಿಯಿತು. ಮೊದಲಿನ ಇಪ್ಪತ್ತು ದಿನ ಜಗಳದಿಂದ ಬಂದದ್ದು ಎನ್ನೋಣ. ಆಮೇಲಿನ ನಾಲ್ಕು ತಿಂಗಳು ಬಂದದ್ದು ಒಂದು ಪದವನ್ನು ತಪ್ಪಾಗಿ ತಿಳಿದುಕೊಂಡದ್ದರಿಂದ.

ಜನರಿಗೆ ಕಾನೂನು ತಿಳಿಸಿ ನೆರವಾಗುವ ಅರೆ ಕಾನೂನು ಸ್ವಯಂಸೇವಕಿಯಾಗಿ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ತಿರುಗುವಾಗ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ನಮ್ಮ ಜನರಿಗೆ ಕೋರ್ಟಿನ ಮಾತುಗಳು ಗೊತ್ತಿಲ್ಲ ಎನ್ನುವುದು ನಿಜವಲ್ಲ. ಬೇಕಾದಷ್ಟು ಗೊತ್ತಿವೆ. ತೊಡಕಿರುವುದು ಬೇರೆ ಕಡೆ. ಕನ್ನಡದ ಒಂದೇ ಪದದ ಹೊಟ್ಟೆಯಲ್ಲಿ ಕಾನೂನಿನ ಎರಡು, ಮೂರು, ಕೆಲವೊಮ್ಮೆ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಪ್ರತಿಯೊಂದು ಸ್ಥಿತಿಗೂ ಅದರದೇ ಗಡುವು ಇದೆ, ಅದರದೇ ಹಕ್ಕು ಇದೆ. ಪದ ಒಂದೇ ಎಂದು ನಂಬಿದವರು ಗಡುವನ್ನು ಕಳೆದುಕೊಳ್ಳುತ್ತಾರೆ.

ಈ ಸೀಮೆಯ ಕಾನೂನು ಮಾತಿಗೆ ತನ್ನದೇ ಚರಿತ್ರೆಯಿದೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಕಚೇರಿ, ನ್ಯಾಯಾಲಯಗಳ ಭಾಷೆ ಉರ್ದು. 1956ರಲ್ಲಿ ಕನ್ನಡ ನಾಡಿಗೆ ಸೇರಿದ ಮೇಲೂ ಆ ಮಾತುಗಳು ನಮ್ಮ ಬಾಯಲ್ಲಿ ಉಳಿದವು. ಹಳೆಯ ಮೈಸೂರಿನ ಕಡೆ ಮಹಜರು ಎನ್ನುವುದನ್ನು ಇಲ್ಲಿ ಪಂಚನಾಮೆ ಎನ್ನುತ್ತೇವೆ. ಪೊಲೀಸರ ಪ್ರಕಟಣೆಯಲ್ಲಿ ಇವತ್ತಿಗೂ ‘ಗುನ್ನೆ ನಂಬರ್’ (ಅಪರಾಧ ಸಂಖ್ಯೆ) ಎಂದೇ ಇರುತ್ತದೆ. ಫಿರ್ಯಾದಿ ಎಂದರೆ ಮೊರೆಯಿಡುವವನು. ದಸ್ತಗಿರಿ ಎಂಬ ಪದದ ಮೂಲ ಅರ್ಥ ಕೈ ಹಿಡಿಯುವುದು. ಉರ್ದುವಿನಲ್ಲಿ ಅದು ಕಷ್ಟದಲ್ಲಿರುವವನಿಗೆ ಆಸರೆಯಾಗುವ ಮಾತು. ಅದಕ್ಕೇ ನಮ್ಮ ಊರುಗಳಲ್ಲಿ ದಸ್ತಗೀರ್ ಎಂಬ ಹೆಸರಿನವರು ಇದ್ದಾರೆ. ಅದೇ ಪದ ಠಾಣೆಯ ಕನ್ನಡಕ್ಕೆ ಬಂದು ಬಂಧನವಾಯಿತು. ಜಾಮೀನು ಎಂಬುದರ ಮೂಲದಲ್ಲಿರುವುದು ಹೊಣೆ ಹೊರುವ ಮನುಷ್ಯ. ಈ ಕೊನೆಯದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಗೊಂದಲ ಠಾಣೆಯ ಬಾಗಿಲಲ್ಲೇ ಹುಟ್ಟುತ್ತದೆ. “ಕೇಸು ಮಾಡಿ ಬಂದಿದ್ದೇವೆ” ಎನ್ನುತ್ತಾರೆ. ಯಾವ ಕಾಗದ ಕೊಟ್ಟರು ಎಂದು ಕೇಳಿದರೆ ಮಡಿಚಿದ ಹಾಳೆಯೊಂದನ್ನು ತೆಗೆದು ತೋರಿಸುತ್ತಾರೆ. ಅದು ಮೂರರಲ್ಲಿ ಒಂದಾಗಿರಬಹುದು. ದೂರು ತಲುಪಿತು ಎಂಬ ಬರಿಯ ಸ್ವೀಕೃತಿ ಇರಬಹುದು. ಇದು ಪೊಲೀಸರು ತಾವಾಗಿ ತನಿಖೆ ಮಾಡುವ ಅಪರಾಧವಲ್ಲ ಎಂಬ ಹಿಂಬರಹ ಇರಬಹುದು. ಇಲ್ಲವೇ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್ ಇರಬಹುದು. ಕೇಸು ಎನ್ನಬಹುದಾದದ್ದು ಮೂರನೆಯದು ಮಾತ್ರ. ಅದರಲ್ಲಿ ಗುನ್ನೆ ನಂಬರ್, ವರ್ಷ, ಕಲಂ ಇರುತ್ತವೆ. ಮೊದಲ ಎರಡನ್ನು ಪೆಟ್ಟಿಗೆಯಲ್ಲಿಟ್ಟು ಆರು ತಿಂಗಳು ಕಾದ ಕುಟುಂಬಗಳನ್ನು ನಾನು ಕಂಡಿದ್ದೇನೆ. ತನಿಖೆ ನಡೆಯುತ್ತಿದೆ ಎಂದು ಅವರು ನಂಬಿದ್ದರು. ತನಿಖೆ ಶುರುವೇ ಆಗಿರಲಿಲ್ಲ.

ಹಿಂಬರಹ ಕೊಡುವುದೆಲ್ಲ ಪೊಲೀಸರ ಉದಾಸೀನ ಎಂದುಕೊಳ್ಳುವುದೂ ಸರಿಯಲ್ಲ. ಕಾನೂನು ಅಪರಾಧಗಳನ್ನು ಸಂಜ್ಞೇಯ, ಅಸಂಜ್ಞೇಯ ಎಂದು ಎರಡು ಬಗೆ ಮಾಡಿದೆ. ಸಂಜ್ಞೇಯವಾದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ. ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ಅಸಂಜ್ಞೇಯವಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕಪಾಳಕ್ಕೆ ಹೊಡೆದದ್ದು, ದೂಡಿದ್ದು, ಊದಿಕೊಳ್ಳುವಷ್ಟು ಗುದ್ದಿದ್ದು ಸಾಮಾನ್ಯವಾಗಿ ಅಸಂಜ್ಞೇಯ. ಮೂಳೆ ಅಥವಾ ಹಲ್ಲು ಮುರಿದರೆ ಕಾನೂನಿನ ಕಣ್ಣಿಗೆ ಅದು ತೀವ್ರ ಗಾಯ. ಆಗ ಅದು ಸಂಜ್ಞೇಯ. ಹೀಗಾಗಿ ಬಡಿದಾಟದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗೆ ಗಾಯವಾಯಿತು ಎಂದು ವೈದ್ಯರಿಗೆ ನಿಜ ಹೇಳಿ, ಗಾಯದ ವೈದ್ಯಕೀಯ-ಕಾನೂನು ದಾಖಲೆಯಾದ ಎಂಎಲ್‌ಸಿ ಮಾಡಿಸುವುದರ ಮೇಲೆ ಇಡೀ ಪ್ರಕರಣ ನಿಂತಿರುತ್ತದೆ. “ಬಿದ್ದೆ” ಎಂದು ಬರೆಸಿ ಬಂದು ವಾರದ ಮೇಲೆ ಠಾಣೆಗೆ ಹೋದರೆ ಆ ಒಂದು ಪದವನ್ನು ಅಳಿಸಲು ವರ್ಷಗಳು ಬೇಕಾಗುತ್ತವೆ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಇಲ್ಲಿ ನಮಗೆ ಕೆಲವು ಹತೋಟಿಗಳನ್ನು ಕೊಟ್ಟಿದೆ. ಎಫ್‌ಐಆರ್‌ನ ಪ್ರತಿ ಫಿರ್ಯಾದಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಸಿಗಬೇಕು. ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ಮೊದಲೂ ರೂಢಿಯಲ್ಲಿದ್ದ ಈ ಕ್ರಮ ಈಗ ಕಾನೂನಿನ ಪಠ್ಯದಲ್ಲೇ ಸೇರಿದೆ. ಮೂರು ರಾಜ್ಯಗಳ ಗಡಿಯಲ್ಲಿರುವ ನಮಗೆ ಇದು ಸಣ್ಣ ವಿಷಯವಲ್ಲ. ಚಿಂಚೋಳಿಯವರು ತಾಂಡೂರಿನ ಸಂತೆಯಲ್ಲಿ ಏಟು ತಿಂದರೆ, ಆಳಂದದವರು ಅಕ್ಕಲಕೋಟೆಯ ಹಾದಿಯಲ್ಲಿ ದರೋಡೆಗೊಳಗಾದರೆ, ತಮ್ಮೂರಿನ ಠಾಣೆಯಲ್ಲೇ ತಮ್ಮ ಭಾಷೆಯಲ್ಲೇ ಹೇಳಿಕೊಳ್ಳಬಹುದು. ಅಲ್ಲಿಂದ ಪ್ರಕರಣ ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಫೋನು ಅಥವಾ ಇಮೇಲ್ ಮೂಲಕ ದೂರು ಕಳಿಸಿದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಸಂಜ್ಞೇಯ ಅಪರಾಧವಾಗಿದ್ದೂ ಠಾಣೆಯವರು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ, ಅಂಚೆಯಲ್ಲಿ ಕಳಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಆದರೆ ಇದೇ ಕಲಂ ಇನ್ನೊಂದು ಬಾಗಿಲನ್ನೂ ತೆರೆದಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿಯವರ ಅನುಮತಿ ಪಡೆದು, ಎಫ್‌ಐಆರ್‌ಗೆ ಮೊದಲು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. “ವಿಚಾರಿಸುತ್ತಿದ್ದೇವೆ, ಹೋಗಿ ಬನ್ನಿ” ಎಂದರೆ ಹದಿನಾಲ್ಕನೆಯ ದಿನವನ್ನು ಬರೆದಿಟ್ಟುಕೊಳ್ಳಬೇಕು.

ವಿಚಾರಿಸು ಎಂಬ ಆ ಕ್ರಿಯಾಪದವೇ ನನ್ನನ್ನು ಬಹಳ ಕಾಡುವುದು. ‘ಠಾಣೆಗೆ ವಿಚಾರಣೆಗೆ ಕರೆದರು’ ಎನ್ನುತ್ತೇವೆ. ‘ಇಲಾಖಾ ವಿಚಾರಣೆ’ ಎನ್ನುತ್ತೇವೆ. ‘ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತಿದೆ’ ಎನ್ನುತ್ತೇವೆ. ‘ವಿಚಾರಣೆಯನ್ನು ಮುಂದಿನ ತಿಂಗಳಿಗೆ ಹಾಕಿದರು’ ಎಂದೂ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ನಾಲ್ಕು ಹೆಸರಿವೆ. ಕನ್ನಡದಲ್ಲಿ ಎಲ್ಲವೂ ವಿಚಾರಣೆ. ಮಗನನ್ನು ವಿಚಾರಣೆಗೆ ಕರೆದೊಯ್ದರು ಎಂದು ತಂದೆಯೊಬ್ಬರು ಹೇಳಿದಾಗ ಅವನು ಸಾಕ್ಷಿಯೋ, ಶಂಕಿತನೋ, ದಸ್ತಗಿರಿಯಾದವನೋ ತಿಳಿಯುವುದಿಲ್ಲ. ತಂದೆಗೂ ತಿಳಿದಿರುವುದಿಲ್ಲ. ಗಡುವುಗಳೆಲ್ಲ ನಿಂತಿರುವುದು ಇದೇ ಉತ್ತರದ ಮೇಲೆ.

ಸಾಕ್ಷಿಯಾಗಿ ಕರೆದಿದ್ದರೆ ಬರಹದ ನೋಟಿಸ್ ಇರಬೇಕು. ಹೆಂಗಸರನ್ನು, ಹದಿನೈದು ವರ್ಷದೊಳಗಿನವರನ್ನು, ಅರವತ್ತು ದಾಟಿದವರನ್ನು ಸಾಕ್ಷಿಯಾಗಿ ಪ್ರಶ್ನಿಸಲು ಅವರ ಮನೆಗೇ ಹೋಗಬೇಕು, ಠಾಣೆಗೆ ಕರೆಸುವಂತಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧದಲ್ಲಿ ಹೆಸರು ಬಂದವರಿಗೆ ಸಾಮಾನ್ಯವಾಗಿ ಮೊದಲು ಸಿಗಬೇಕಾದದ್ದು ಹಾಜರಾಗುವ ನೋಟಿಸ್. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಗಟ್ಟಿ ಮಾಡಿತು, ಹೊಸ ಸಂಹಿತೆಯ 35ನೆಯ ಕಲಂನಲ್ಲೂ ಅದು ಮುಂದುವರಿದಿದೆ. ದಸ್ತಗಿರಿಯೇ ಆಗಿದ್ದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಈ ಕೊನೆಯದು ಸಂವಿಧಾನದ 22ನೆಯ ವಿಧಿಯ ಮಾತು. ಆದ್ದರಿಂದ ಠಾಣೆಯಲ್ಲಿ ಕೇಳಬೇಕಾದ ಪ್ರಶ್ನೆ “ಯಾವಾಗ ಬಿಡುತ್ತೀರಿ” ಎಂಬುದಕ್ಕಿಂತ ಮೊದಲು “ಸಾಹೇಬರೇ, ದಸ್ತಗಿರಿ ಮಾಡಿದ್ದೀರಾ, ಎಷ್ಟು ಹೊತ್ತಿಗೆ?” ಎಂಬುದು. ಕೇಳಿದ್ದಕ್ಕೆ ಯಾರೂ ಗದರಿಸಬೇಕಾಗಿಲ್ಲ. ಕಾನೂನೇ ಕೇಳು ಎನ್ನುತ್ತದೆ.

ಪತ್ರಿಕೆಯಲ್ಲಿ ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲನ್ನು ವಾರಕ್ಕೆ ನಾಲ್ಕು ಸಲ ಓದುತ್ತೇವೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಂನಲ್ಲೂ ಹೀಗೇ ಇದೆ. ಅವನು ಹೇಳಿದ್ದರಿಂದ ಯಾವುದಾದರೂ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದ ಭಾಗ ಮಾತ್ರ ಸಾಕ್ಷ್ಯವಾಗುತ್ತದೆ. ಪೊಲೀಸರು ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಹೇಳಿದವನು ಸಹಿ ಹಾಕಬೇಕಾಗಿಯೂ ಇಲ್ಲ. ಓದುಗರು ಆ ಸಾಲನ್ನು ಓದಿ ತೀರ್ಪು ಕೊಟ್ಟುಬಿಡುತ್ತಾರೆ, ಊರಿನಲ್ಲಿ ಹುಡುಗಿ ಕೊಡುವುದು ನಿಲ್ಲುತ್ತದೆ, ಬಾಡಿಗೆ ಮನೆ ಸಿಗುವುದಿಲ್ಲ. ಆರೋಪಿ ಎಂದರೆ ಆರೋಪ ಹೊತ್ತವನು. ತೀರ್ಪು ಬಂದ ಮೇಲಷ್ಟೇ ಅಪರಾಧಿ. ಬರೆಯುವವರು ಈ ಎರಡರ ನಡುವಿನ ಗೆರೆಯನ್ನು ಕಾಪಾಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಕಸ್ಟಡಿಯಲ್ಲಿಯೂ ಎರಡು ಬಗೆ. ಪೊಲೀಸ್ ಕಸ್ಟಡಿಯೆಂದರೆ ಠಾಣೆಯವರ ವಶ, ಅದು ಒಟ್ಟು 15 ದಿನ ಮೀರುವಂತಿಲ್ಲ. ನ್ಯಾಯಾಂಗ ಬಂಧನವೆಂದರೆ ಜೈಲು. ಮೊದಲು ಈ 15 ದಿನಗಳು ಬಂಧನದ ಮೊದಲ ಹದಿನೈದು ದಿನಗಳೊಳಗೇ ಮುಗಿಯಬೇಕಿತ್ತು. ಹೊಸ ಸಂಹಿತೆಯ 187ನೆಯ ಕಲಂ ಪ್ರಕಾರ ಅದನ್ನು ತುಂಡು ತುಂಡಾಗಿ, ಅಪರಾಧಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳಲ್ಲಿ ಯಾವಾಗ ಬೇಕಾದರೂ ಕೇಳಬಹುದು. ಜೈಲಿಗೆ ಹೋದ ಮಗ ಮತ್ತೆ ಠಾಣೆಗೆ ಬರುವುದಿಲ್ಲ ಎಂದು ತಿಳಿದಿದ್ದ ಮನೆಯವರು ಈಗ ಹಾಗೆ ತಿಳಿಯುವಂತಿಲ್ಲ. ನನ್ನ ಮಟ್ಟಿಗೆ ಇದು ಹೊಸ ಕಾನೂನಿನ ಅತ್ಯಂತ ಕಳವಳದ ಬದಲಾವಣೆ.

ಅದೇ 187ನೆಯ ಕಲಂನಲ್ಲಿ ಬಡವರಿಗೆ ದಕ್ಕಬೇಕಾದ ಇನ್ನೊಂದು ಲೆಕ್ಕವಿದೆ. ಮೊದಲ ಸಲ ಮ್ಯಾಜಿಸ್ಟ್ರೇಟರು ಬಂಧನಕ್ಕೆ ಒಪ್ಪಿಸಿದ ದಿನದಿಂದ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಅಪರಾಧ ಎಷ್ಟು ಗಂಭೀರ ಎಂಬ ಪ್ರಶ್ನೆ ಆಗ ಏಳುವುದಿಲ್ಲ. ಆದರೆ ಕೇಳಬೇಕು. 61ನೆಯ ದಿನ ಅರ್ಜಿ ಹಾಕದೆ ಸುಮ್ಮನಿದ್ದು, 63ನೆಯ ದಿನ ಪೊಲೀಸರು ಪಟ್ಟಿ ಸಲ್ಲಿಸಿದರೆ ಆ ಹಕ್ಕು ಹೋಯಿತು. ಅರ್ಜಿ ಮೊದಲು ಬಿದ್ದಿದ್ದರೆ ಆಮೇಲೆ ಪಟ್ಟಿ ಬಂದರೂ ಹಕ್ಕು ಉಳಿಯುತ್ತದೆ. ದುಡ್ಡಿರುವವರ ವಕೀಲರು ಈ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ಕೂಲಿಕಾರನ ಮನೆಯವರಿಗೆ ಅಂಥ ದಿನವೊಂದಿದೆ ಎಂಬುದೇ ಗೊತ್ತಿರುವುದಿಲ್ಲ.

ಈಗ ಜಾಮೀನಿಗೆ ಬರೋಣ. ಈ ಒಂದೇ ಪದ ನಮ್ಮಲ್ಲಿ ಮೂರು ಕೆಲಸ ಮಾಡುತ್ತದೆ. ನ್ಯಾಯಾಲಯ ಕೊಡುವ ಬಿಡುಗಡೆಯ ಆದೇಶವೂ ಜಾಮೀನು. ಅದಕ್ಕಾಗಿ ಬರೆದುಕೊಡುವ ಬಾಂಡೂ ಜಾಮೀನು. ಹೊಣೆ ಹೊತ್ತು ನಿಲ್ಲುವ ಮನುಷ್ಯನೂ ಜಾಮೀನು. “ಜಾಮೀನು ಆಯಿತು” ಎಂದಾಗ ಆದದ್ದು ಯಾವುದು? ಎಷ್ಟೋ ಸಲ ಮೊದಲನೆಯದು ಆಗಿರುತ್ತದೆ, ಮೂರನೆಯದು ಆಗಿರುವುದಿಲ್ಲ. ಆದೇಶ ಕೈಗೆ ಬಂದೂ ಜೈಲಿನ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಜಾಮೀನುದಾರನಿಲ್ಲ. ಜಾಮೀನುದಾರ ಪಹಣಿಯನ್ನೋ ಮನೆಯ ಕಾಗದವನ್ನೋ ತೋರಿಸಬೇಕು. ಹೊಲವಿಲ್ಲದವನ ಬಂಧುಬಳಗಕ್ಕೂ ಹೊಲವಿರುವುದಿಲ್ಲ. ವರ್ಷದಲ್ಲಿ ಏಳೆಂಟು ತಿಂಗಳು ಬೇರೆ ಊರಿನಲ್ಲಿ ದುಡಿಯುವವನಿಗೆ ಹೊಣೆ ನಿಲ್ಲುವವರು ಯಾರು? ನೂರಾರು ವರ್ಷ ಹಿಂದೆ ಈ ಪದ ನಮ್ಮ ಭಾಷೆಗೆ ಬಂದಾಗ ಅದರ ಅರ್ಥದಲ್ಲಿ ಒಬ್ಬ ಮನುಷ್ಯನಿದ್ದ. ಇವತ್ತು ಅವನ ಜಾಗದಲ್ಲಿ ಪಹಣಿ ಕುಳಿತಿದೆ.

ಕಾನೂನು ಇದನ್ನು ಕಂಡಿಲ್ಲವೆಂದಲ್ಲ. ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಬಗ್ಗೆ 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಹಣದ ಮೇಲೆ ನಿಂತ ಜಾಮೀನಿನ ಪದ್ಧತಿಯನ್ನು ಕಟುವಾಗಿ ಟೀಕಿಸಿತು. ಜಾಮೀನು ಕೊಡಲೇಬೇಕಾದ ಅಪರಾಧಗಳಲ್ಲಿ, ಬಂಧನವಾಗಿ ವಾರದೊಳಗೆ ಜಾಮೀನುದಾರನನ್ನು ತರಲಾಗದವನನ್ನು ನಿರ್ಗತಿಕನೆಂದು ಭಾವಿಸಿ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಸಂಹಿತೆಯ 478ನೆಯ ಕಲಂ ಹೇಳುತ್ತದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಜಾಮೀನು ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇಮೇಲ್ ಮೂಲಕ ಜೈಲಿಗೆ ಹೋಗಬೇಕು, ಏಳು ದಿನಗಳಾದರೂ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ನ್ಯಾಯಾಲಯ ತಾನೇ ಷರತ್ತು ಸಡಿಲಿಸಬಹುದೇ ಎಂದು ನೋಡಬಹುದು. ಇದೇ ಊರಿನ ಜಾಮೀನುದಾರನೇ ಬೇಕೆಂಬ ಷರತ್ತು ಬಿಡುಗಡೆಗೆ ಅಡ್ಡಿಯಾಗುತ್ತದೆ, ಅದನ್ನು ಹಾಕಬಾರದೆಂದೂ ಅದು ಹೇಳಿತು. ಈ ಸಾಲುಗಳನ್ನು ನಾನು ಹಾಳೆಯಲ್ಲಿ ಬರೆದು ಹಲವರ ಕೈಗೆ ಕೊಟ್ಟಿದ್ದೇನೆ. ವಕೀಲರ ಮುಂದೆ ಅದನ್ನು ಹಿಡಿದು ಕೇಳಿದವರಿಗೆ ಉತ್ತರ ಸಿಕ್ಕಿದೆ.

ವಿಚಾರಣಾಧೀನ ಕೈದಿ ಎಂಬ ಪದದ ಭಾರ ಇಲ್ಲಿದೆ. 2022ರ ಕೊನೆಯ ಲೆಕ್ಕದಂತೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ, ಅಂದರೆ ಶೇ 75.8ರಷ್ಟು, ವಿಚಾರಣಾಧೀನರು. ಸಜೆಯಾದ ಕೈದಿಗೆ ತಾನು ಹೊರಬರುವ ದಿನ ಗೊತ್ತಿರುತ್ತದೆ, ವಿಚಾರಣಾಧೀನನಿಗೆ ಗೊತ್ತಿರುವುದಿಲ್ಲ. ಸಂಹಿತೆಯ 479ನೆಯ ಕಲಂ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಶಿಕ್ಷೆಯಾಗದವರಿಗೆ ಮೂರನೆಯ ಒಂದು ಭಾಗ ಸಾಕು. ಆದರೆ ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೆ ಈ ಅನುಕೂಲ ಸಿಗುವುದಿಲ್ಲ. ಜೈಲಿನಲ್ಲಿರುವ ಯಾರಿಗೇ ಆಗಲಿ, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೇ ಆಗಲಿ, ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. 15100 ಸಂಖ್ಯೆಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಉಚಿತ ವಕೀಲರೆಂದರೆ ಕೆಲಸ ಮಾಡುವುದಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಬೇರೂರಿದೆ. ಸಾಲ ಮಾಡಿ ಇಟ್ಟ ವಕೀಲರು ಬಾರದ ದಿನಗಳೂ ಇವೆ, ಉಚಿತ ವಕೀಲರು ಕೊನೆಯವರೆಗೆ ನಿಂತ ಪ್ರಕರಣಗಳೂ ಇವೆ. ನಾನು ಎರಡನ್ನೂ ನೋಡಿದ್ದೇನೆ.

ದೋಷಾರೋಪ ಪಟ್ಟಿ ಎಂಬ ಹೆಸರೇ ತಪ್ಪು ದಾರಿಗೆ ಎಳೆಯುತ್ತದೆ. ಅದು ತನಿಖೆಯ ಕೊನೆಯಲ್ಲಿ ಪೊಲೀಸರು ಕೊಡುವ ವರದಿ. ಅದನ್ನು ಓದಿ, ಎರಡೂ ಕಡೆಯವರನ್ನು ಕೇಳಿ, ಯಾವ ಆರೋಪದ ಮೇಲೆ ವಿಚಾರಣೆ ನಡೆಸಬೇಕೆಂದು ನ್ಯಾಯಾಧೀಶರು ತೀರ್ಮಾನಿಸುವುದು ಆರೋಪ ನಿಗದಿ. ನಡುವೆ ಆರೋಪಿಯನ್ನು ಕೈಬಿಡುವ ಅವಕಾಶವಿದೆ. ಪೊಲೀಸರ ವರದಿ ಇನ್ನೊಂದು ರೂಪದಲ್ಲೂ ಬರಬಹುದು. ಪ್ರಕರಣದಲ್ಲಿ ಹುರುಳಿಲ್ಲ, ದೂರು ಸುಳ್ಳು, ಸಾಕ್ಷ್ಯವಿಲ್ಲ ಎಂದಾದರೆ ಕರ್ನಾಟಕದಲ್ಲಿ ಅದಕ್ಕೆ ಬಿ ರಿಪೋರ್ಟ್ ಎನ್ನುತ್ತಾರೆ. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಲಿಲ್ಲ ಎಂದಾದರೆ ಸಿ ರಿಪೋರ್ಟ್. ಬಿ ರಿಪೋರ್ಟ್ ಬಂದರೆ ಎಲ್ಲ ಮುಗಿಯಿತೆಂದು ಫಿರ್ಯಾದಿಗಳು ಕೈಚೆಲ್ಲುತ್ತಾರೆ. ಅದನ್ನು ಒಪ್ಪುವ ಮೊದಲು ನ್ಯಾಯಾಲಯ ಫಿರ್ಯಾದಿಗೆ ನೋಟಿಸ್ ಕೊಡಬೇಕು, ಫಿರ್ಯಾದಿ ತಕರಾರು ಅರ್ಜಿ ಹಾಕಬಹುದು. ಆ ನೋಟಿಸನ್ನು ಏನೋ ಕೋರ್ಟಿನ ಕಾಗದ ಎಂದು ಹೆದರಿ ತಿರುಗಿಸಿ ಕಳಿಸಿದ ಹೆಣ್ಣುಮಗಳೊಬ್ಬಳು ನನಗೆ ಗೊತ್ತು. ಅವಳ ದೂರು ಅಲ್ಲಿಗೇ ನಿಂತಿತು.

ರಾಜಿ ಎಂಬುದು ನಮ್ಮವರಿಗೆ ಬಹಳ ಇಷ್ಟದ ಪದ. ಊರ ಹಿರಿಯರು ಕೂತು, ಇಬ್ಬರನ್ನೂ ಎದುರು ಬದುರು ಕೂರಿಸಿ, ಬದುವಿನ ಜಗಳ ಮುಗಿಸಿದರು. ಆಮೇಲೆ “ಕೇಸು ವಾಪಸ್ ತೆಗೆದುಕೊಳ್ಳುತ್ತೇವೆ” ಎಂದು ಇಬ್ಬರೂ ಕೋರ್ಟಿಗೆ ಬಂದರು. ಆಗಲಿಲ್ಲ. ಎಫ್‌ಐಆರ್ ಆದ ಮೇಲೆ ಪ್ರಕರಣ ಫಿರ್ಯಾದಿಯದ್ದಲ್ಲ, ಅದು ಕರ್ನಾಟಕ ರಾಜ್ಯ ಮತ್ತು ಆರೋಪಿಯ ನಡುವಿನದು. ಸರ್ಕಾರಿ ಅಭಿಯೋಜಕರು ರಾಜ್ಯದ ವಕೀಲರು, ಫಿರ್ಯಾದಿ ಒಬ್ಬ ಸಾಕ್ಷಿ. ಯಾವ ಅಪರಾಧದಲ್ಲಿ ರಾಜಿಯಾಗಬಹುದೆಂದು ಕಾನೂನಿನಲ್ಲಿ ಪಟ್ಟಿಯಿದೆ. ಮಾರಕ ಆಯುಧದಿಂದ ತೀವ್ರ ಗಾಯ ಮಾಡಿದ್ದು ಆ ಪಟ್ಟಿಯಲ್ಲಿಲ್ಲ. ಅಂಥ ಕಡೆ ಹೈಕೋರ್ಟಿಗೆ ಹೋಗಿ ಪ್ರಕರಣ ರದ್ದು ಮಾಡಲು ಕೇಳಬಹುದು, ಹೈಕೋರ್ಟು ಒಪ್ಪಲೂಬಹುದು, ಒಪ್ಪದಿರಲೂಬಹುದು. 2008ರವರೆಗೆ ಅದಕ್ಕಾಗಿ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಿತ್ತು. ಆ ವರ್ಷ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಹತ್ತಿರವಾದರೂ ವಕೀಲರ ಶುಲ್ಕ ಹತ್ತಿರವಾಗಿಲ್ಲ. ಈ ಎರಡು ಮನೆಯವರು ಹೈಕೋರ್ಟಿಗೆ ಹೋಗಲಿಲ್ಲ.

ಇದರ ಮೇಲೆ ಅಂಕಿಗಳ ಗೊಂದಲ ಬೇರೆ. 1860ರ ದಂಡ ಸಂಹಿತೆಯ 511 ಕಲಂಗಳ ಜಾಗಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 358 ಕಲಂಗಳು ಬಂದಿವೆ. ಕೊಲೆಗೆ 302 ಎಂಬುದು ಮೂರು ತಲೆಮಾರು ನಾಲಿಗೆಯ ಮೇಲಿದ್ದ ಅಂಕಿ, ಈಗ ಅದು 103. ಹೊಸ 302 ಧಾರ್ಮಿಕ ಭಾವನೆ ನೋಯಿಸುವ ಮಾತಿಗೆ ಸಂಬಂಧಿಸಿದ್ದು. ಹಳೆಯ 307 ಕೊಲೆ ಯತ್ನ, ಹೊಸದರಲ್ಲಿ ಅದು 109. ಹೊಸ 304 ಸರಗಳ್ಳತನದಂಥ ಕಸಿಯುವಿಕೆಗೆ. ಚಾರ್‌ಸೌ ಬೀಸ್ ಎಂಬ ಬೈಗುಳಕ್ಕೆ ಕಾರಣವಾದ 420 ಕಾನೂನಿನಲ್ಲಿ ಉಳಿದೇ ಇಲ್ಲ, ವಂಚನೆ 318ಕ್ಕೆ ಹೋಗಿದೆ. ವಕೀಲರನ್ನೇ ಎಡವಿಸುವುದು 482. ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಪ್ರಕರಣ ರದ್ದುಪಡಿಸುವ ಹೈಕೋರ್ಟಿನ ಅಧಿಕಾರ, ಹೊಸದರಲ್ಲಿ ನಿರೀಕ್ಷಣಾ ಜಾಮೀನು. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಅಂಕಿಯೇ ಅನ್ವಯಿಸುತ್ತದೆ. ಹಾಗಾಗಿ ಒಂದೇ ದಿನ, ಒಂದೇ ಕೋರ್ಟಿನಲ್ಲಿ, ಹಳೆಯ 307 ಮತ್ತು ಹೊಸ 109 ಅಕ್ಕಪಕ್ಕದಲ್ಲಿ ನಡೆಯುತ್ತವೆ. ಇನ್ನೂ ಹಲವು ವರ್ಷ ಹೀಗೇ ಇರುತ್ತದೆ. ಕಲಂ ಹೇಳುವಾಗ ಯಾವ ಕಾಯ್ದೆಯದು ಎಂದು ಕೇಳದೆ ಯಾರೂ ಗಾಬರಿಯಾಗಬಾರದು, ಸಮಾಧಾನವನ್ನೂ ಪಡಬಾರದು.

ಬದುವಿನ ಜಗಳದ ಆ ಪ್ರಕರಣ ಹಳೆಯ ಕಾನೂನಿನಲ್ಲೇ ಕೊನೆಯವರೆಗೂ ನಡೆಯಿತು. ಕೊಡಲಿ ಯಾರ ಕೈಯಲ್ಲಿತ್ತು ಎಂಬ ಬಗ್ಗೆ ಮೂವರು ಸಾಕ್ಷಿಗಳು ಮೂರು ಬಗೆಯಾಗಿ ಹೇಳಿದರು. ಸಂಶಯದ ಲಾಭ ಕೊಟ್ಟು ನ್ಯಾಯಾಲಯ ಹುಡುಗನನ್ನು ಖುಲಾಸೆ ಮಾಡಿತು. ಸೋದರಮಾವನ ಬಾಂಡಿನ ಹಣದಲ್ಲಿ ನ್ಯಾಯಾಧೀಶರು ಒಂದಷ್ಟು ಕಡಿಮೆ ಮಾಡಿದ್ದರು, ಉಳಿದದ್ದನ್ನು ಅವರು ತೊಗರಿ ಮಾರಿ ಕಟ್ಟಿದ್ದರು. ತೀರ್ಪಿನ ದಿನ ಆ ತಾಯಿ ಕಲಬುರಗಿಗೆ ಬಂದಿದ್ದರು. ವಕೀಲರು ಹೊರಗೆ ಬಂದು, “ಅವ್ವಾ, ಖುಲಾಸೆ ಆಯಿತು. ಒಂದು ಜಾಮೀನು ಬರೆದುಕೊಡಬೇಕು, ನಿಮ್ಮ ತಮ್ಮನನ್ನು ಕರೆಯಿರಿ” ಎಂದರು. ಆ ತಾಯಿಯ ಮುಖ ಬಾಡಿತು. ನನ್ನ ಕಡೆ ತಿರುಗಿ, “ಅಕ್ಕಾ, ಖುಲಾಸೆ ಎಂದರೆ ಪೂರ್ತಿ ಮುಗಿಯುವುದು ಎಂದು ನೀವೇ ಹೇಳಿದ್ದಿರಿ. ಮತ್ತೆ ಈ ಜಾಮೀನು ಯಾತಕ್ಕೆ?” ಎಂದು ಕೇಳಿದರು.

ಖುಲಾಸೆಯ ವಿರುದ್ಧ ರಾಜ್ಯ ಮೇಲ್ಮನವಿ ಹೋದರೆ ಮೇಲಿನ ನ್ಯಾಯಾಲಯದ ಮುಂದೆ ಹಾಜರಾಗುತ್ತೇನೆಂದು ಆರೋಪಿಯಿಂದ ಬರೆಸಿಕೊಳ್ಳುವ ನಿಯಮ ಹಳೆಯ ಪ್ರಕ್ರಿಯಾ ಸಂಹಿತೆಯ 437ಎ ಕಲಂನಲ್ಲಿದೆ, ಹೊಸದರಲ್ಲಿ ಅದು 481. ಅದರ ಅವಧಿ ಆರು ತಿಂಗಳು. ಈ ಸಲ ನಾನು ಸುಮ್ಮನಿರಲಿಲ್ಲ. ಕೋರ್ಟಿನ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವರು ಬೆರಳು ಮಡಚಿ ತಿಂಗಳುಗಳನ್ನು ಎಣಿಸಿ, ಆರನೆಯದು ಯಾವ ಹಬ್ಬದ ಹತ್ತಿರ ಬರುತ್ತದೆ ಎಂದು ಕೇಳಿದರು. ಅಲ್ಲಿಯವರೆಗೆ ಮಗ ಪುಣೆಗೆ ಹೋಗಬಹುದೇ ಎಂದೂ ಕೇಳಿದರು. ಹೋಗಬಹುದು, ವಿಳಾಸ ಮತ್ತು ಫೋನ್ ನಂಬರು ವಕೀಲರ ಬಳಿ ಇರಲಿ, ನೋಟಿಸ್ ಬಂದರೆ ಅಂದೇ ಬಸ್ಸು ಹತ್ತಲಿ ಎಂದೆ. ತಮ್ಮನಿಗೆ ಫೋನ್ ಮಾಡಿ, ಪಹಣಿ ತೆಗೆದುಕೊಂಡು ಬಾ ಎಂದರು.